ಈಜುಕೊಳದ ಶುಲ್ಕ

ಹೊರಗೆ ಮೈನಸ್ ಇಪ್ಪತ್ತೊಂಬತ್ತು. ಅಂಗಳದ ಕಾರುಗಳು
ಮೂತಿಯಿಂದ ವೈರು ಇಳಿಬಿಟ್ಟು
ಕರೆಂಟು ಕುಡಿಯುತ್ತ ನಿಂತಿವೆ.
ನಾರ್ತ್ ಡಕೋಟದ ಈ ನೆಲಮಾಳಿಗೆಯಲ್ಲಿ
ಶುಲ್ಕ ವಿಭಾಗ, ನನ್ನದು ಮೂರನೇ ಮೇಜು:
ದೂರಶಿಕ್ಷಣ, ಸೇನೆಯವರು, ಎಂ ಇಂದ ಝಡ್ ವರೆಗೆ.

ಕಿಚೋಚೊ, ಟಾಸಿ. ಕಾರ್ಪೊರಲ್.
ಹುಟ್ಟಿದ್ದು ಗುವಾಮ್ ದ್ವೀಪ. ಲೈಸೆನ್ಸು ಟೆಕ್ಸಸಿನದು.
ಇರುವುದು ಜಿಬೂಟಿಯಲ್ಲಿ, ಅರವತ್ತೆರಡನೇ ಕಂಟೇನರಿನೊಳಗೆ.
ಸ್ವಂತ ಊರು ಎಂಬಲ್ಲಿ ಬರೆದು, ಹೊಡೆದು, ಮತ್ತೆ ಬರೆದು
ಕೊನೆಗೊಂದು ಅಡ್ಡಗೆರೆ.

ಇರಲಿ ಮಗಳೇ, ಅದಕ್ಕೂ ನಿಯಮವಿದೆ:
ಸಮವಸ್ತ್ರದವರು ಭೂಮಿಯ ಮೇಲೆ ಎಲ್ಲೇ ಇರಲಿ
ಈ ರಾಜ್ಯದ ನಿವಾಸಿಗಳೆಂದೇ ಪರಿಗಣಿಸತಕ್ಕದ್ದು.
ಠಸ್ಸೆ ಒತ್ತಿದೆ. ಅಷ್ಟೇ.
ಹಿಮ ಕಾಣದವಳು ನಮ್ಮೂರಿನವಳಾದಳು.

ಮಣ್ಣಿನ ವಿಜ್ಞಾನ, ಮೂರು ಕ್ರೆಡಿಟ್ಟು.
ಸೇನೆ ಕೊಡುವುದಕ್ಕೂ ನಾವು ಕೇಳುವುದಕ್ಕೂ ನಡುವಿನ ಚಿಲ್ಲರೆಯನ್ನು
ನುಂಗಿಹಾಕಲು ಒಂದು ಉಪನಿಯಮ;
ಅದಕ್ಕೊಂದು ಬಾಲ: ಸಿ ಗಿಂತ ಕಡಿಮೆ ಬಂತೋ,
ಸೇನೆ ಕೊಟ್ಟದ್ದನ್ನೆಲ್ಲ ಅವಳೇ ತಿರುಗಿಸಬೇಕು.

ಎಲ್ಲ ನಿಯಮವೂ ಇಷ್ಟು ಮೆತ್ತಗಿಲ್ಲ.
ಹೋದ ವರ್ಷ ಸಾರ್ಜೆಂಟ್ ಪ್ರೂಯಿಟ್‌ಗೆ
ಹೊರಡುವ ಆಜ್ಞೆ ಬಂದದ್ದು ಒಂಬತ್ತನೇ ವಾರದಲ್ಲಿ.
ಮರುಪಾವತಿ ಎಂಟನೇ ವಾರದವರೆಗೆ ಮಾತ್ರ.
ಆಜ್ಞೆಗೆ ನಮ್ಮ ಕ್ಯಾಲೆಂಡರ್ ಗೊತ್ತಿರಲಿಲ್ಲ ಎಂದು ಬರೆದಿದ್ದ.
ನಾನು ನಿಯಮ ಪಾಲಿಸಿದೆ.
ಆ ಲಕೋಟೆ ಇನ್ನೂ ನನ್ನ ಡ್ರಾಯರಿನಲ್ಲಿದೆ, ಸ್ಟೇಪ್ಲರ್ ಪಿನ್ನುಗಳ ಕೆಳಗೆ.

ಕಂಪ್ಯೂಟರು ಟಾಸಿಯ ಲೆಕ್ಕಕ್ಕೆ ತಪ್ಪಿ
ಐವತ್ತೆರಡು ಡಾಲರ್ ಹಾಕಿತ್ತು: ಈಜುಕೊಳ.
ದೂರದವರಿಗೆ ಇದು ಇಲ್ಲ, ವಾಪಸು ಮಾಡುತ್ತೇನೆ ಎಂದು ಬರೆದೆ.
ಅಲ್ಲಿನ ರಾತ್ರಿ ಮೂರಕ್ಕೆ ಉತ್ತರ:
'ಬೇಡ ಮೇಡಂ, ಇರಲಿ ಬಿಡಿ.
ನಮ್ಮ ಮಾತಿನಲ್ಲಿ ನನ್ನ ಹೆಸರೆಂದರೆ ಕಡಲು.
ಇಲ್ಲೂ ಬೇಲಿಯಾಚೆ ಕಡಲಿದೆ, ಹೋಗುವಂತಿಲ್ಲ.
ನಿಮ್ಮ ಕೊಳ ಎಷ್ಟು ಉದ್ದ? ನೀರು ಬೆಚ್ಚಗಿರುತ್ತದಾ?'

ವಿನಾಯಿತಿ ಕೇಳಲು ನಾಲ್ಕು ಬಗೆಯ ಫಾರಂ.
ವಿನಾಯಿತಿ ಬೇಡವೆನ್ನಲು ಒಂದೂ ಇಲ್ಲ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ;
ಇವಳು ಊರಿಗೇ ಬಂದಿಲ್ಲ,
ನೀರಿಗೆ ಮುಂಗಡ ಕಟ್ಟಿ ಕೂತಿದ್ದಾಳೆ.

ಊಟದ ಹೊತ್ತಿಗೆ ಮಹಡಿ ಹತ್ತಿ ಹೋದೆ.
ಹತ್ತೊಂಬತ್ತು ವರ್ಷ ಈ ಶುಲ್ಕ ವಸೂಲಿ ಮಾಡಿದವಳು
ಕೊಳ ನೋಡಿದ್ದು ಇವತ್ತೇ.
ಬೂಟು ಕಳಚಿ ಅಂಚಿನುದ್ದಕ್ಕೂ ಹೆಜ್ಜೆ ಎಣಿಸಿದೆ.
ಕಾವಲಿನ ಹುಡುಗ ಶಿಳ್ಳೆ ಬಾಯಲ್ಲಿಟ್ಟುಕೊಂಡೇ ನನ್ನ ನೋಡುತ್ತಿದ್ದ.
ತೋಳು ಮಡಚಿ ಮೊಣಕೈವರೆಗೆ ಕೈ ಇಳಿಸಿದೆ.

ಇಪ್ಪತ್ತೈದು ಗಜ, ಬರೆದೆ. ಬೆಚ್ಚಗಿದೆ.
ಷರಾ ಕಾಲಮ್ಮಿನಲ್ಲಿ: ವಿದ್ಯಾರ್ಥಿನಿಯ ಕೋರಿಕೆಯಂತೆ
ಶುಲ್ಕ ಉಳಿಸಿಕೊಂಡಿದೆ. ವಿ. ಹಾಲ್ವರ್ಸನ್.
ಲೆಕ್ಕ ತಪಾಸಿಗರು ಮಾರ್ಚಿಯಲ್ಲಿ ಬರುತ್ತಾರೆ.
ಕೇಳಲಿ.