ಬೆವರಲಾರದ್ದು

ನಮ್ಮಪ್ಪ ಗಾದಿ ಹೊಲಿಯೋ ಸೂಜೀಲೇನ ಹೊಲದಿದ್ದ
ಕ್ಯಾಮೆರಾಕ್ಕೊಂದು ಅಂಗಿ.
ಮ್ಯಾಲ ಹಳೇ ರೆಗ್ಜಿನ್ನು, ಒಳಗ ಎರಡ ಬೆರಳ ಹತ್ತಿ,
ಲೆನ್ಸಿಗೊಂದು ಕಿಂಡಿ, ಪಟ್ಟಿಗೊಂದು ಕಿಂಡಿ,
ಬ್ಯಾಟರಿ ಕಡೆ ಒಂದು ಮುಚ್ಚಳ, ಅದಕ ಗುಂಡಿ.
"ಕಂತು ಇನ್ನಾ ಹದಿನಾಲ್ಕು ಅದಾವು ಮಾಶಾಕ,
ಬಿತ್ತಂದ್ರ ನಾಳೆ ಎದ್ದು ಏನ ಹಿಡದು ಹೊಂಟಿ?
ತಾಳಿಕೋಟಿ ಧೂಳ ಅದು,
ಮುಚ್ಚಿದ ಡಬ್ಬ್ಯಾನ ಸಕ್ರಿಗೂ ಅದರ ರುಚಿ."

ಐವತ್ತು ವರ್ಷ ಹತ್ತಿ ಹಿಂಜಿದ ಕೈ.
ಮಷೀನು ಬಂದಮ್ಯಾಲ ಬಿಲ್ಲು ಗ್ವಾಡಿಗೆ ಏರೈತಿ,
ಆದ್ರೂ ಒಮ್ಮೊಮ್ಮೆ ಗಾಳಿ ಬಿಟ್ಟಾಗ
ಅದರ ನರ ತಾನ ಟುಂವ್ ಅಂತೈತಿ.
ಅಪ್ಪನ ಲೆಕ್ಕದಾಗ
ಎಲ್ಲಾ ಪೆಟ್ಟಿಗೂ ಒಂದ ಔಷಧ, ಹತ್ತಿ.
ಕೂಸಿನ ತೊಟ್ಟಿಲಕ, ಮುದುಕನ ಬೆನ್ನಿಗೆ,
ಕಿವಿ ನೋವಿಗೆ,
ಕಡೀಕ ಮೂಗಿಗೆ.

ಮೇ ತಿಂಗಳು. ಮುದ್ದೇಬಿಹಾಳ ರಸ್ತಾಕ
ಪತ್ರಾಸಿನ ಮಂಗಲ ಕಾರ್ಯಾಲಯ.
ಹಂಡರಗಲ್ಲವರ ಮಗಳ ಲಗ್ನ,
ಹನ್ನೆರಡು ಮೂವತ್ತೈದಕ ಅಕ್ಕಿಕಾಳು.
ಫ್ಯಾನು ಬಿಸಿಗಾಳೀನ ಈ ಮೂಲಿಯಿಂದ ಆ ಮೂಲಿಗೆ
ದಬ್ಬಾಕತ್ತಿದ್ದವು.
ನನ್ನ ಬೆನ್ನಾಗ ಡೋಣಿ ಹೊಳಿ ಹರೀತಿತ್ತು,
ಅಷ್ಟ ಉಪ್ಪು.
ಹನ್ನೊಂದಕ ಚಾಲೂ ಮಾಡಿದ ರೆಕಾರ್ಡಿಂಗು ನಿಲ್ಲಿಸಿರಲಿಲ್ಲ.
ಅಂಗ್ಯಾಗ ಕ್ಯಾಮೆರಾ ಸುಮ್ಮನಿತ್ತು,
ಭಾಳ ಸುಮ್ಮನ.

ಪರದೆ ಮ್ಯಾಲ ಮೊದಲು ಹಳದಿ ಥರ್ಮಾಮೀಟರು,
ಆಮ್ಯಾಲ ಕೆಂಪು.
ಅಯ್ನೋರು ಸಾವಧಾನ ಅಂದ್ರು.
ಎಲ್ಲಾರ ಮುಷ್ಟಿ ಎದ್ದವು.
ಪರದೆ ಕಪ್ಪು.

ಅಕ್ಕಿಕಾಳು ಬಿದ್ದವು.
ಮದುಮಗಳ ದಂಡಿ ಮ್ಯಾಲ, ನನ್ನ ತಲಿ ಮ್ಯಾಲ,
ರೆಗ್ಜಿನ್ನಿನ ಹೊಲಿಗಿ ಸಂದ್ಯಾಗ.
ನಾನು ಒಂದು ಕಣ್ಣು ಮುಚ್ಚಿ
ಹಿಡದಂಗ ಮಾಡಿ ನಿಂತೆ.
ಮದುಮಗಳ ಸೋದರಮಾಂವ ಪಟಗಾ ಸರಿ ಮಾಡಿಕೊಂಡು
ನನ್ನ ಕಡೆ ನೋಡಿ ನಕ್ಕ, ಚಂದ ಬರಲಿ ಅಂತ.
ಆ ನಗಿ ಎಲ್ಲೂ ಇಲ್ಲ.
ನನ್ನ ಹತ್ರ ಐತಿ, ಅಷ್ಟ.

ಅಡಗಿಮನಿ ಹಿಂದ ಹೋಗಿ ಗುಂಡಿ ಬಿಚ್ಚಿದೆ.
ಜ್ವರ ಬಂದ ಕೂಸಿನ ಹಣಿ.
ಒಳಗಿನ ಹತ್ತಿ, ಬಿಸಿಲಿಗೆ ಹಾಕಿದ ಗಾದಿ ವಾಸನಿ.
ಬಾಜೂಕ ಒಂದು ಮಣ್ಣಿನ ಹರವಿ,
ಮೈತುಂಬ ಹಸಿ ಗೋಣಿತಟ್ಟು.
ಅದಕೂ ಅರಿವಿ, ಇದಕೂ ಅರಿವಿ,
ಅದು ತಣ್ಣಗ, ಇದು ಕೆಂಡ.
ಹರವಿ ಬೆವರತೈತಿ. ನಾ ಬೆವರತೀನಿ.
ಸಾರು ತಿರುವೋ ನೀಲವ್ವನ ಕುಪ್ಪಸ ಬೆವರತೈತಿ.
ಇದಕ ಬೆವರಾಕ ಬರೂದಿಲ್ಲ.
ಒಳಗಿನ ಬೆಂಕಿನೆಲ್ಲಾ ತೊಗಲೀಲೇನ ಹೊರಗ ಬಿಡಬೇಕು,
ಆ ತೊಗಲಿಗೆ ನಾವು ಗಾದಿ ಹೊಲದೀವಿ.

ನೀಲವ್ವ ಸೌಟು ಇಟ್ಟು ಬಂದಳು.
"ಹಸಿ ಅರಿವಿ ಹಾಕಲೇನೋ ತಮ್ಮಾ?"
"ಬ್ಯಾಡಬೇ, ನೀರ ತಾಗಿದ್ರ ಸಾಯತೈತಿ."
"ಅಯ್ಯ, ಒಣಾದು ಹೊಚ್ಚಿದ್ರ ಸುಡತೈತಿ,
ಹಸೀದು ಹೊಚ್ಚಿದ್ರ ಸಾಯತೈತಿ,
ಎಂಥಾ ಹಡಬಿಟ್ಟಿ ಕೂಸು ತಂದಿಯೋ!"
ಬೈಕೋತ ಮೊರ ತಂದು ಗಾಳಿ ಹಾಕಿದಳು,
ತನಗ ಒಂದು ಬೀಸು, ಅದಕ ಎರಡು.
ಹನ್ನೆರಡು ಐವತ್ತೆರಡಕ ಕಣ್ಣು ಬಿಡ್ತು.
ಊಟದ ಪಂಕ್ತಿ ಪೂರ್ತಿ ಬಂದೈತಿ,
ಬೂಂದಿ ಬಡಿಸೋ ಕೈ ಸುದ್ದಾ.
ಹಂಡರಗಲ್ಲವರಿಗೆ ಐದು ಸಾವಿರ ಬಿಟ್ಟೆ.
ಅವರು ಮಾತಾಡಲಿಲ್ಲ. ಬೈದಿದ್ರ ಚಲೋ ಇತ್ತು.

ಈಗ ಬಸ್ಸಿನ್ಯಾಗ ಅಷ್ಟ ಅಂಗಿ ತೊಡಸ್ತೀನಿ,
ಇಳದ ಕೂಡಲೇ ಬಿಚ್ಚತೀನಿ,
ಓಣಿ ತಿರುವಿನ್ಯಾಗ ಮತ್ತ ಗುಂಡಿ ಹಾಕಿ
ಮನಿ ಹೊಕ್ಕೀನಿ.

ನಿನ್ನೆ ಸಂಜೀಕ ಅಪ್ಪ ಚಸ್ಮಾ ಏರಿಸಿ
ಅದರ ಸಡಲ ಹೊಲಿಗಿ ನೋಡಾಕತ್ತಿದ್ದ.
ಸೂಜಿ ತುದೀಲೆ ಸಂದ್ಯಾಗಿಂದ ತಗದ,
ಒಂದು, ಎರಡು, ಮೂರು
ಹಳದಿ ಅಕ್ಕಿಕಾಳು.
ಅಂಗೈ ಮ್ಯಾಲ ಇಟ್ಟು ದೀಪದ ಕಡೆ ಹಿಡದ.
"ಭಾಳ ಹತ್ರ ನಿಂತಿದ್ದೆಲ್ಲೋ,
ಚಲೋ ಬಂದಿರಬೇಕು."

ಹೂಂ ಅಂದೆ.