ಕಾರವಾರದಲ್ಲೊಂದು ಮದುವೆ

ಪ್ರತಿ ವರ್ಷ ಚಿತ್ತೆ ಮಳೆ ಮುಗಿಯುವ ವಾರ
ಮರಾಠಿಕೊಪ್ಪದ ನನ್ನ ಹೊಲಿಗೆ ಅಂಗಡಿಯ ಬಾಗಿಲಿಗೆ
ಚೀಟಿ ಅಂಟಿಸುತ್ತೇನೆ:
ಕಾರವಾರದಲ್ಲಿ ಮದುವೆ. ಮೂರು ದಿನ ರಜೆ.

ರವಿಕೆಯ ಅಳತೆ ಕೊಡಲು ಬಂದ ಸರಸಕ್ಕ
ಎರಡು ಸಲ ಓದಿದಳು.
'ಅಲ್ಲ ಬೆರ್ತಾ, ಚಾತುರ್ಮಾಸದಲ್ಲಿ ಯಾರು ಮಾರಾಯ್ತಿ ಮದುವೆ ಮಾಡುತ್ತಾರೆ?'
ನಮ್ಮಲ್ಲಿ ಮಾಡುತ್ತಾರೆ ಅಂದೆ.
'ಹೋದ ವರ್ಷವೂ ಆಯಿತಲ್ಲ, ಅದರ ಹಿಂದಿನ ವರ್ಷವೂ.
ಎಷ್ಟು ಹೆಣ್ಣುಮಕ್ಕಳಪ್ಪ ಆ ಮನೆಯಲ್ಲಿ?'
ಏಳು ಅಂದೆ.
ಅದು ಸುಳ್ಳಲ್ಲ.
ಗೆರೆಯ ಒಳಗೆ ಏಳು. ಹೊರಗೆ ಕೂತು ಕಾಯುವವರನ್ನು
ಲೆಕ್ಕಕ್ಕೆ ಹಿಡಿಯಲಿಲ್ಲ.

ದೇವಿಮನೆ ಘಟ್ಟದಲ್ಲಿ ಕಟ್ಟಿದ ಕಿವಿ
ಕತಗಾಲದಲ್ಲಿ ಬಿಟ್ಟಿತು.
ಕುಮಟೆಯಲ್ಲಿ ಚಹಾ. ಗಂಗಾವಳಿ ದಾಟುವಾಗ
ಚೀಲದೊಳಗೆ ಕೈ ಹಾಕಿ ಮುಟ್ಟಿ ನೋಡಿದೆ:
ಕತ್ತರಿ ಇದೆ, ಸೂಜಿ ಡಬ್ಬಿ ಇದೆ,
ಹನ್ನೊಂದು ವರ್ಷದ ಅಂಕಗಳ ನೋಟ್‌ಬುಕ್ಕು ಇದೆ,
ಯಾರೂ ಕೇಳದ ಅಂಕಗಳು.

ಕೋಡಿಬಾಗದ ಶಾಲೆಯ ಹಿಂದೆ ಅಂಗಳ ಇನ್ನೂ ಹಸಿ.
ಹುಡುಗಿಯರೇ ಜರಡಿ ಹಿಡಿದು ಕೆಮ್ಮಣ್ಣು ಸೋಸುತ್ತಿದ್ದರು,
ಸಿಕ್ಕಿದ ಚಿಪ್ಪು, ಗಾಜು, ಒಂದು ಕಿವಿಯ ರಿಂಗು
ಕಿಟಕಿಯ ಕಟ್ಟೆಯ ಮೇಲೆ.
ಸುಣ್ಣದ ಗೆರೆ ಸೊಟ್ಟ.
ತಾಲೀಮಿಗೆ ಇಷ್ಟು ಸಾಕು ಎಂದ ಮಾಣಿಕ ಮಾಸ್ತರ
ನನ್ನತ್ತ ತಲೆಯಾಡಿಸಿದ,
ಹೊತ್ತಿಗೆ ಸರಿಯಾಗಿ ಬಂದ ಭರತಕ್ಕೆ ತಲೆಯಾಡಿಸುವ ಹಾಗೆ.

ದೀಪಾವಳಿ ಕಳೆದರೆ ಇದೇ ಹುಡುಗಿಯರಿಗೆ
ದೊಡ್ಡ ದೀಪಗಳು ಬರುತ್ತವೆ, ಮೈಕಿನವನು ಬರುತ್ತಾನೆ,
ನನ್ನ ಮುಂದೆ ಗಂಡಸರ ಹೆಗಲುಗಳು ಬರುತ್ತವೆ.
ಈಗ ನಾನು, ಒಂದು ನಾಯಿ,
ಬೈತಖೋಲಿನಿಂದ ಸೈಕಲ್ಲಿನಲ್ಲಿ ಬಂದ ಐಸಿನವನು.
ಈಗ ಉಸಿರು ಕೇಳಿಸುತ್ತದೆ.
ಕಬಡ್ಡಿ ಕಬಡ್ಡಿ ಎನ್ನುವುದರ ನಡುವೆ
ನಾಲಿಗೆ ಒಣಗುವ ಸದ್ದೂ.

ರೋಶನಿ ತಾಂಡೇಲ ಮೊಣಕಾಲಿಗೆ ಪಟ್ಟಿ ಸುತ್ತಿದ್ದಾಳೆ.
ಹಿಂದೆ ಅವಳು ಎಡಮೂಲೆಯಲ್ಲಿ ನಿಂತರೆ
ಎದುರಿನವಳಿಗೆ ಆ ಮೂಲೆಯೇ ಇರುತ್ತಿರಲಿಲ್ಲ.
ಇವತ್ತು ಎರಡು ಸಲ ತಡವಾಗಿ ಬಗ್ಗಿದಳು.
ಮಾಸ್ತರ ನೋಡಿದ. ನಾನೂ ನೋಡಿದೆ.
ಅವಳು ನಾವು ನೋಡಿದ್ದನ್ನು ನೋಡಿದಳು.

ಹೊಸಬಳೊಬ್ಬಳು, ಯಲ್ಲಾಪುರದ ಕಡೆಯವಳಂತೆ,
ಜೆರ್ಸಿ ಇಲ್ಲ. ಬೆನ್ನಿಗೆ ಸೀಮೆಸುಣ್ಣದಲ್ಲಿ ೧೯.
ದಾಳಿಗೆ ಹೋದಳು. ಎಡಗಾಲು ಯೋಚಿಸಿ ಇಡುತ್ತಾಳೆ,
ಬಲಗಾಲು ಯೋಚಿಸುವುದೇ ಇಲ್ಲ.
ಮೂವರು ಸೊಂಟ ಹಿಡಿದರು.
ಮಣ್ಣಿನಲ್ಲಿ ಒಂದು ಗುಡ್ಡೆ,
ಗುಡ್ಡೆಯ ಅಡಿಯಿಂದ ನಿಲ್ಲದ ಅದೇ ಪದ,
ಕೊನೆಗೆ ಒಂದು ಬೆರಳು
ಸೊಟ್ಟ ಗೆರೆಯ ಮೇಲೆ.

ಎದ್ದಾಗ ಚಡ್ಡಿಯ ಹೊಲಿಗೆ ತೊಡೆಯ ತನಕ ಬಿಚ್ಚಿತ್ತು.
ಒಂಟಿ ನೂಲು, ಉದ್ದ ಹೊಲಿಗೆ, ಯಾರು ಹೊಲಿದರೋ ಪುಣ್ಯಾತ್ಮರು.
ಕರೆದು ಗೋಡೆಯ ಬದಿ ನಿಲ್ಲಿಸಿದೆ.
ಸೂಜಿಗೆ ದಾರ ಪೋಣಿಸುವಾಗ
ಅವಳ ತೊಡೆ ಇನ್ನೂ ನಡುಗುತ್ತಿತ್ತು,
ಓಡಿ ನಿಲ್ಲಿಸಿದ ಮಷಿನ್ನಿನ ಹಾಗೆ.
'ಮೂರು ಅಂಕ ಅಲ್ಲವಾ ಅಕ್ಕ?'
ಇವತ್ತು ಯಾರೂ ಬರೆಯುವುದಿಲ್ಲ ಮಗಾ ಅಂದೆ.
'ಹೌದು,' ಎಂದಳು, ಸುಮ್ಮನೆ.
ದಾರವನ್ನು ಹಲ್ಲಿನಲ್ಲಿ ಕಡಿದೆ.
ನೋಟ್‌ಬುಕ್ಕು ತೆಗೆದು ಅವಳಿಗೆ ಕಾಣುವ ಹಾಗೆ ಬರೆದೆ:
೧೯. ಮೂರು.
ಹೆಸರು ಕೇಳುವಷ್ಟರಲ್ಲಿ ಸೀಟಿ ಊದಿತು.

ಸಂಜೆ ಮಣ್ಣಿಗೆ ನೀರು ಹೊಡೆದರು.
ಅವಲಕ್ಕಿ, ಬಾಳೆಹಣ್ಣು ಹಂಚಿದರು, ನನಗೂ ಒಂದು ಎಲೆ.
ರೋಶನಿ ಪಟ್ಟಿ ಬಿಚ್ಚಿ ಮಡಚುತ್ತಾ
ಹೊಸಬಳಿಗೆ ಕಾಲು ಇಡುವುದನ್ನು ತೋರಿಸುತ್ತಿದ್ದಳು,
ತಾನು ಕೂತಲ್ಲಿಂದಲೇ, ಕೈಗಳಿಂದ.

ನಾಲ್ಕನೇ ದಿನ ಅಂಗಡಿ ತೆರೆದೆ.
ಸರಸಕ್ಕ ನನ್ನ ಸೀರೆಯ ಅಂಚಿನ ಕೆಂಪು ನೋಡಿದಳು.
'ಊಟ ಹೇಗಿತ್ತು?'
ಅವಲಕ್ಕಿ ಅಂದೆ.
'ಮದುವೆಗೆ ಅವಲಕ್ಕಿಯಾ? ಆಗಲಿ. ಮದುಮಗಳು ಹೇಗಿದ್ದಾಳೆ?'
ಟೇಪು ಕೊರಳಿಗೆ ಹಾಕಿಕೊಂಡು ನೆನಪಿಸಿಕೊಂಡೆ.
ಎಡಗಾಲು ಇನ್ನೂ ನಿಧಾನ ಸರಸಕ್ಕ,
ಉಸಿರು ಮಾತ್ರ ಭಾರಿ ಉದ್ದ.