ನಾಲ್ಕು ತಿರುಪು ಮೊಳೆ

ಹಿತ್ತಾಳೆಯ ಪಟ್ಟಿ, ಗೇಣುದ್ದ.
ನಾಲ್ಕು ಮೂಲೆಗೆ ನಾಲ್ಕು ತಿರುಪು ಮೊಳೆ.
ಎರಡು ವರ್ಷಕ್ಕೊಮ್ಮೆ, ಚುನಾವಣೆ ಮುಗಿದ ಮೇಲೆ,
ಸೋತವರ ಹೆಸರು ಬಿಚ್ಚಿ
ಗೆದ್ದವರ ಹೆಸರು ಬಿಗಿಯುವುದು ನನ್ನ ಕೆಲಸ.
ಆಗಸ್ಟಾದ ಈ ಗುಮ್ಮಟದಡಿ ಮೂವತ್ತೊಂದು ವರ್ಷ
ನಾನು ಯಾರನ್ನೂ ಏರಿಸಿದವನಲ್ಲ,
ಇಳಿಸಿದವನೂ ಅಲ್ಲ.
ಸ್ಕ್ರೂಡ್ರೈವರು ಎಡಕ್ಕೆ, ಸ್ಕ್ರೂಡ್ರೈವರು ಬಲಕ್ಕೆ.

ತೊಂಬತ್ತೆರಡನೆಯ ಮೇಜು: ಓಡೆಟ್ ಸೀರ್.
ಮೇಯ್ನ್ ರಾಜ್ಯದ ತುತ್ತತುದಿ, ಹೊಳೆ ದಾಟಿದರೆ ಕೆನಡಾ.
ಸ್ಕೂಲ್ ಬಸ್ಸಿನ ಡ್ರೈವರು.
ಮೊದಲ ದಿನ ಹಿಮದಲ್ಲಿ ಐದು ತಾಸು ಗಾಡಿ ಓಡಿಸಿ ಬಂದು
ಬಾಗಿಲಲ್ಲಿ ಬೂಟು ಕೊಡವಿ
ನನ್ನನ್ನೇ ಸ್ಪೀಕರ್ ಅಂದುಕೊಂಡು ಕೈಕುಲುಕಿದಳು.
ನಾನೂ ತಿದ್ದಲಿಲ್ಲ.

ಮೊದಲ ಭಾಷಣ ಮೂರು ನಿಮಿಷ.
"ಒಂದನೇ ಕ್ಲಾಸಿನಲ್ಲಿ ಫ್ರೆಂಚಿನಲ್ಲಿ ನೀರು ಕೇಳಿದ್ದಕ್ಕೆ
ಟೀಚರು ನನ್ನನ್ನು ಮೂಲೆಗೆ ನಿಲ್ಲಿಸಿದರು.
ಮೂಲೆ ಬಿಟ್ಟು ಬರೋದಕ್ಕೆ ಐವತ್ತು ವರ್ಷ ಹಿಡಿಯಿತು, ಸ್ವಾಮಿ"
ಎಂದವಳೇ
"ದ ಲೋ, ಸಿಲ್ ವು ಪ್ಲೇ" ಎಂದಳು ಗಟ್ಟಿಯಾಗಿ.
ಜವಾನ ಹುಡುಗ, ಆ ಮಾತಿನ ಗಂಧವಿಲ್ಲದವನು,
ಅವಳ ಗಂಟಲು ನೋಡಿಯೇ ನೀರು ತಂದಿಟ್ಟ.

ಹೊಳೆತಿರುವಿನ ರಸ್ತೆಗೊಂದು ಕಬ್ಬಿಣದ ತಡೆ ಬೇಕು:
ಒಂದೇ ಮಸೂದೆ, ಮೂರು ಸಲ.
ಒಮ್ಮೆ ಸಮಿತಿಯ ಕಪಾಟಿನಲ್ಲಿ ಮಲಗಿತು,
ಒಮ್ಮೆ ದುಡ್ಡಿಲ್ಲ ಅಂದರು,
ಕೊನೆಗೆ ಏಪ್ರಿಲ್ಲಿನ ಒಂದು ನಡುರಾತ್ರಿ
ಅರ್ಧ ಸಭೆ ಆಕಳಿಸುತ್ತಿದ್ದಾಗ
ಪಾಸಾಯಿತು.
ಆರು ವರ್ಷದ ಶಾಸಕಗಿರಿಗೆ ಆರುನೂರು ಅಡಿ ಕಬ್ಬಿಣ.
ಕೆಲವರದ್ದು ಅಷ್ಟೂ ಇರುವುದಿಲ್ಲ, ನಾನು ನೋಡಿದ್ದೇನೆ.

ಮತ್ತೆ ಆ ಮಂಗಳವಾರ.
ಸಣ್ಣ ಶಾಲೆಗಳನ್ನು ದೊಡ್ಡದರೊಳಗೆ ಸೇರಿಸುವ ಮಸೂದೆ.
ಲೆಕ್ಕ ಸರಿಯಿತ್ತು, ಅದನ್ನು ಯಾರೂ ಅಲ್ಲಗಳೆಯಲಿಲ್ಲ.
ಪಕ್ಷದ ಹಿರಿಯ ಬಗ್ಗಿ ಅವಳ ಕಿವಿಯಲ್ಲಿ ಏನೋ ಅಂದ.
ನಾನು ಏಣಿಯ ಮೇಲಿದ್ದೆ, ಬಲ್ಬು ಬದಲಿಸುತ್ತ.
ಗುಂಡಿಯ ಮೇಲೆ ಅವಳ ಬೆರಳು
ಒಂದು, ಎರಡು, ಮೂರು ಸೆಕೆಂಡು.
ಗೋಡೆಯಲ್ಲಿ ಅವಳ ಹೆಸರಿನ ಪಕ್ಕ ಹಸಿರು.

ಮುಂದಿನ ಶರತ್ಕಾಲ, ಆಲೂಗಡ್ಡೆ ಅಗೆಯುವ ರಜೆ ಮುಗಿದಾಗ
ಅವಳೂರಿನ ಶಾಲೆಗೆ ಬೀಗ.
ಅದೇ ಮಕ್ಕಳು, ಅದೇ ಹಳದಿ ಬಸ್ಸು,
ದಾರಿ ಮಾತ್ರ ಇಪ್ಪತ್ತೆಂಟು ಮೈಲಿ ಹೆಚ್ಚು.
ಬೆಳಗಿನ ಐದೂವರೆಯ ಕತ್ತಲಲ್ಲಿ
ಮಕ್ಕಳು ನಿದ್ದೆಗಣ್ಣಲ್ಲೇ ಹತ್ತಿ ಗುಡ್ ಮಾರ್ನಿಂಗ್ ಅನ್ನುವರಂತೆ.
ಬಾಗಿಲಲ್ಲಿ ನಿಂತ ಅವ್ವಂದಿರು ಅನ್ನುವುದಿಲ್ಲವಂತೆ.

ಹನ್ನೊಂದು ಓಟಿನಿಂದ ಸೋತಳು.
"ಆ ಹನ್ನೊಂದು ಯಾರದೂಂತ ಗೊತ್ತು,
ದಿನಾ ಅವರ ಮನೆ ಮುಂದೇ ಬ್ರೇಕ್ ಹಾಕ್ತೀನಿ"
ಅಂದಳು, ಡ್ರಾಯರು ಖಾಲಿ ಮಾಡುತ್ತ:
ಒಂದು ಕೈಚೀಲ, ಕೆಮ್ಮಿನ ಗುಳಿಗೆ, ಮಡಚಿದ ನಕ್ಷೆ.
ಹೆಸರಿನ ಪಟ್ಟಿ ಒಯ್ಯಬಹುದು, ರೂಢಿಯಿದೆ.
ಬೇಡವೆಂದಳು. ಅಂಗೈ ಚಾಚಿ ಎರಡು ಮೊಳೆ ಕೇಳಿದಳು.
"ಬಸ್ಸಿನ ಕನ್ನಡಿ ಅಲುಗುತ್ತೆ."
ಕೊಟ್ಟೆ. ಹೊಸಬನಿಗೆ ಬೇರೆ ಹುಡುಕಿದೆ.

ಮೇ ತಿಂಗಳಲ್ಲಿ ಬಂದಳು, ಶಾಸಕಿಯಾಗಿ ಅಲ್ಲ;
ಆ ದೊಡ್ಡ ಶಾಲೆಯ ಮಕ್ಕಳು ಸಭೆ ನೋಡಲು ಬಂದಿದ್ದರು.
ಡ್ರೈವರುಗಳು ಕೆಳಗೇ ಕಾಯಬೇಕು.
ನಾನು ಹಿಂಬಾಗಿಲ ಮೆಟ್ಟಿಲಿಂದ ಗ್ಯಾಲರಿಗೆ ಹತ್ತಿಸಿದೆ.
ಮತದ ಗಂಟೆ ಹೊಡೆಯಿತು.
ಅವಳ ಬೆರಳಿಗೆ ಏನೂ ಆಗಲಿಲ್ಲ;
ಬಲಗಾಲು ಮಾತ್ರ
ನೆಲವನ್ನು ಒತ್ತಿ ಹಿಡಿಯಿತು.

ಆಮೇಲೆ ಬಸ್ಸಿನ ಬಾಗಿಲಲ್ಲಿ ನಿಂತು
ಒಂದೊಂದೇ ತಲೆ ಮುಟ್ಟಿ ಎಣಿಸಿದಳು, ಫ್ರೆಂಚಿನಲ್ಲಿ,
ಇಪ್ಪತ್ತಾರು. ನಂಬದೆ ಇನ್ನೊಮ್ಮೆ.
ಎಂಜಿನ್ನು ಗುಡುಗಿ ಇಡೀ ಬಸ್ಸು ನಡುಗಿತು.
ಕನ್ನಡಿ ನಡುಗಲಿಲ್ಲ.